ಗೆಂಡೆ ಮೀನಿನ ಮಾಂಸದ ಪೋಷಕ ಗುಣ ಮತ್ತು ಸಾಕಾಣಿಕೆಯ ಕ್ರಮ

(ಒಳನಾಡು ಮೀನು ಕೃಷಿಕರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಪ್ರತಿವರ್ಷ ಜುಲೈ 10ರಂದು ರಾಷ್ಟ್ರೀಯ ಮತ್ಸ್ಯ ಕೃಷಿಕರ ದಿನವನ್ನು ಆಚರಿಸಲಾಗುತ್ತದೆ. 1957ರ ಅದೇ ದಿನ ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಭಾರತೀಯ ಗೆಂಡೆಗಳು ಮೊಟ್ಟೆಯಿಡುವಂತೆ ಮಾಡುವಲ್ಲಿ ಯಶಸ್ವಿಯಾದರು. ಅದುವರೆಗೆ ಮೀನುಮರಿಗಳಿಗಾಗಿ ಮಳೆಗಾಲದ ನದಿಯನ್ನೇ ಕಾಯಬೇಕಾಗಿತ್ತು. ಆ ಬಳಿಕ ಬಿತ್ತನೆ ಮರಿ ಕೃಷಿಕನ ಕೈಗೆ ಬಂದಿತು. 1971ರಲ್ಲಿ ಮಿಶ್ರ ಮೀನು ಸಾಕಾಣಿಕೆ ಕುರಿತ ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆ ಆರಂಭವಾಯಿತು. ಕಾಟ್ಲಾ, ರೋಹು, ಮೃಗಾಲ್‌ಗಳ ಜೊತೆಗೆ ಬೆಳ್ಳಿ ಗೆಂಡೆ, ಹುಲ್ಲು ಗೆಂಡೆ ಮತ್ತು ಸಾಮಾನ್ಯ ಗೆಂಡೆಗಳನ್ನು ಒಂದೇ ಕೊಳದಲ್ಲಿ ಸಾಕಿ ಇಳುವರಿಯನ್ನು ಹಲವು ಪಟ್ಟು ಹೆಚ್ಚಿಸುವ ಮಾರ್ಗ ಅದರಿಂದ ತೆರೆಯಿತು.

ಈ ಎರಡೂ ಸಾಧನೆಗಳು ಮೀನಿನ ಪ್ರಮಾಣಕ್ಕೆ ಸಂಬಂಧಿಸಿದವು. ಬಲೆ ಎಳೆದ ದಿನ ತಕ್ಕಡಿಯಲ್ಲಿ ತೂಗುವುದೂ ಪ್ರಮಾಣವನ್ನೇ. ಆದರೆ ಆ ಮೀನು ಅಡುಗೆಮನೆ ಸೇರಿದ ಮೇಲೆ ಗರ್ಭಿಣಿಗೆ, ಬಾಣಂತಿಗೆ, ಬೆಳೆಯುವ ಮಗುವಿಗೆ ಏನನ್ನು ಕೊಡುತ್ತದೆ ಎಂಬುದನ್ನು ತಕ್ಕಡಿ ಹೇಳುವುದಿಲ್ಲ. ಒಂದೇ ತೂಕದ, ಒಂದೇ ಜಾತಿಯ ಎರಡು ಗೆಂಡೆಗಳ ಮಾಂಸ ಪೋಷಣೆಯ ದೃಷ್ಟಿಯಿಂದ ಗಣನೀಯವಾಗಿ ಬೇರೆಯಾಗಿರಬಹುದು. ಆ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮೀನು ಬೆಳೆದ ನೀರು ಮತ್ತು ತಿಂದ ಆಹಾರ. ಕೃಷಿಕನ ತೀರ್ಮಾನವೇ ಉಣ್ಣುವವನ ತಟ್ಟೆಯನ್ನು ತಲುಪುತ್ತದೆ ಎಂಬುದು ಈ ಉಪನ್ಯಾಸದ ಮುಖ್ಯ ವಿಚಾರ.

ಮಾಂಸದಲ್ಲಿ ಯಾವುದು ಸ್ಥಿರ, ಯಾವುದು ಚಂಚಲ

ಗೆಂಡೆಯ ಮಾಂಸದಲ್ಲಿ ಸಾಮಾನ್ಯವಾಗಿ ಶೇ. 16ರಿಂದ 19ರಷ್ಟು ಸಸಾರಜನಕ ಇರುತ್ತದೆ. ಮೀನನ್ನು ಹೇಗೆಯೇ ಸಾಕಿದರೂ, ಉಪವಾಸ ಕೆಡವದಿದ್ದರೆ, ಈ ಪ್ರಮಾಣ ಹೆಚ್ಚು ಏರಿಳಿಯುವುದಿಲ್ಲ. ಈ ಸಸಾರಜನಕದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಸಮೃದ್ಧವಾಗಿದೆ. ರಾಗಿ, ಜೋಳ, ಅಕ್ಕಿಗಳಲ್ಲಿ ಕೊರತೆಯಾಗಿರುವುದು ಅದೇ ಲೈಸಿನ್. ಆದಕಾರಣ ಮುದ್ದೆಯ ಜೊತೆಗೆ, ರೊಟ್ಟಿಯ ಜೊತೆಗೆ, ಅನ್ನದ ಜೊತೆಗೆ ಒಂದು ತುಂಡು ಮೀನು ಬಿದ್ದರೆ ಧಾನ್ಯದ ಸಸಾರಜನಕದ ಉಪಯುಕ್ತತೆಯೂ ಹೆಚ್ಚುತ್ತದೆ. ಸಸ್ಯಮೂಲದ ಆಹಾರದಲ್ಲಿ ದೊರೆಯದ ಬಿ-12 ಜೀವಸತ್ವವೂ ಮೀನಿನಲ್ಲಿದೆ. ಇಷ್ಟು ಲಾಭ ಯಾವ ಕೆರೆಯ ಗೆಂಡೆಯಿಂದಲೂ ದೊರೆಯುತ್ತದೆ.

ಚಂಚಲವಾದುದು ಕೊಬ್ಬು. ಅದು ಶೇ. 1ರಷ್ಟು ಇರಬಹುದು, ಶೇ. 10ನ್ನು ಮೀರಲೂಬಹುದು. ಕೊಬ್ಬು ಏರಿದಂತೆ ಮಾಂಸದ ನೀರಿನಂಶ ಇಳಿಯುತ್ತದೆ. ಎರಡನ್ನೂ ಕೂಡಿಸಿದರೆ ಮೊತ್ತ ಸುಮಾರು ಶೇ. 80ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೆನ್ನಿನ ಭಾಗಕ್ಕಿಂತ ಹೊಟ್ಟೆಯ ಭಾಗದಲ್ಲಿ ಕೊಬ್ಬು ಹೆಚ್ಚು. ಅದೇ ಜಾತಿಯ ಚಿಕ್ಕ ಮೀನಿಗಿಂತ ದೊಡ್ಡ ಮೀನಿನಲ್ಲಿ ಸಾಮಾನ್ಯವಾಗಿ ಹೆಚ್ಚು. ಮೊಟ್ಟೆ ಕಟ್ಟುವ ಕಾಲದಲ್ಲಿ ಮಾಂಸದ ಸಂಗ್ರಹ ಕರಗಿ ಅಂಡಾಶಯಕ್ಕೆ ಸಾಗುತ್ತದೆ. ಸಾಮಾನ್ಯ ಗೆಂಡೆಯ ಹಳೆಯ ತಳಿಗಳು ಬೇಗನೆ ಪ್ರೌಢಾವಸ್ಥೆಗೆ ಬರುವುದರಿಂದ ತಿಂದ ಆಹಾರದ ಒಂದು ಪಾಲು ಮಾಂಸವಾಗದೆ ತತ್ತಿಯಾಗಿ ಹೋಗುವುದು ಕೃಷಿಕರ ಅನುಭವಕ್ಕೆ ಬಂದ ಸಂಗತಿ. ಹಂಗೇರಿ ಮೂಲದ ಅಮೂರ್ ತಳಿಯನ್ನು ಹೆಸರಘಟ್ಟದ ಮೀನುಗಾರಿಕಾ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಲ್ಲಿ ಪರೀಕ್ಷಿಸಿ ಕೃಷಿಕರಿಗೆ ಪರಿಚಯಿಸಿದುದರ ಹಿಂದೆ ಈ ಕೊರತೆಯನ್ನು ನೀಗುವ ಉದ್ದೇಶವಿತ್ತು.

ಕೊಬ್ಬಿನ ಪ್ರಮಾಣಕ್ಕಿಂತಲೂ ಮುಖ್ಯವಾದುದು ಅದರ ಗುಣ. ಕೊಬ್ಬು ಹಲವು ಕೊಬ್ಬಿನಾಮ್ಲಗಳಿಂದ ಕೂಡಿದ ವಸ್ತು. ಅವುಗಳಲ್ಲಿ ಒಮೆಗಾ-3 ಮತ್ತು ಒಮೆಗಾ-6 ಎಂಬ ಎರಡು ಬಳಗಗಳನ್ನು ಮನುಷ್ಯದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಶೇಂಗಾ, ಸೂರ್ಯಕಾಂತಿ ಮುಂತಾದ ಅಡುಗೆ ಎಣ್ಣೆಗಳಿಂದ ಒಮೆಗಾ-6 ಬೇಕಾದುದಕ್ಕಿಂತ ಹೆಚ್ಚಾಗಿಯೇ ದೊರೆಯುತ್ತದೆ. ಕೊರತೆಯಾಗುವುದು ಒಮೆಗಾ-3. ಈ ಬಳಗದ ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಆಮ್ಲಗಳು ಹೃದಯ ಮತ್ತು ರಕ್ತನಾಳಗಳ ಆರೋಗ್ಯಕ್ಕೆ ಬೇಕು. ಗರ್ಭಸ್ಥ ಶಿಶುವಿನ ಮತ್ತು ಎಳೆ ಮಗುವಿನ ಮೆದುಳು ಹಾಗೂ ಕಣ್ಣಿನ ಅಕ್ಷಿಪಟಲದ ಬೆಳವಣಿಗೆಗೆ ಡಿಎಚ್‌ಎ ಅಗತ್ಯ. ಅಗಸೆಯಂತಹ ಕೆಲವು ಕಾಳುಗಳಲ್ಲಿರುವ ಆಲ್ಫಾ ಲಿನೋಲೆನಿಕ್ ಆಮ್ಲವನ್ನು ಮನುಷ್ಯದೇಹ ಇವುಗಳಾಗಿ ಮಾರ್ಪಡಿಸಬಲ್ಲದಾದರೂ ಆ ಶಕ್ತಿ ಬಹಳ ಮಿತವಾದುದು. ಮೀನಿನ ಮಹತ್ವ ಇಲ್ಲಿದೆ: ಅದು ಇಪಿಎ ಮತ್ತು ಡಿಎಚ್‌ಎಗಳನ್ನು ಸಿದ್ಧರೂಪದಲ್ಲಿ ಕೊಡುತ್ತದೆ.

ಕರಾವಳಿಯ ಬೂತಾಯಿ, ಬಂಗಡೆಗಳಲ್ಲಿರುವಷ್ಟು ಒಮೆಗಾ-3 ಗೆಂಡೆಯಲ್ಲಿ ಇರುವುದಿಲ್ಲವೆಂಬುದು ನಿಜ. ಆದರೆ ಸಮುದ್ರದಿಂದ ದೂರವಿರುವ ಒಳನಾಡಿನ ಹಳ್ಳಿಗೆ ತಾಜಾ ಸ್ಥಿತಿಯಲ್ಲಿ ಸಿಗುವುದು ಕೆರೆಯ ಗೆಂಡೆಯೇ. ಸಿಗುವ ಮೀನಿನ ಗುಣವನ್ನು ಕಾಪಾಡಿಕೊಳ್ಳುವುದು ಆ ಕಾರಣದಿಂದ ಜಾಣತನ.

ಒಮೆಗಾ-3 ಮೀನಿಗೆ ಎಲ್ಲಿಂದ ಬರುತ್ತದೆ

ಮೀನು ಒಮೆಗಾ-3ನ್ನು ಶೂನ್ಯದಿಂದ ಸೃಷ್ಟಿಸುವುದಿಲ್ಲ. ನೀರಿನ ಸೂಕ್ಷ್ಮ ಪಾಚಿಗಳು, ವಿಶೇಷವಾಗಿ ಡಯಾಟಮ್‌ಗಳಂತಹವು, ಸೂರ್ಯನ ಬೆಳಕಿನಲ್ಲಿ ಅದನ್ನು ತಯಾರಿಸುತ್ತವೆ. ಸಸ್ಯಪ್ಲವಕವನ್ನು ಪ್ರಾಣಿಪ್ಲವಕ ತಿನ್ನುತ್ತದೆ. ಎರಡನ್ನೂ ಮೀನು ತಿನ್ನುತ್ತದೆ. ತಳದ ಹುಳುಗಳ ಮೂಲಕವೂ ಅದು ಮೀನಿಗೆ ಸೇರುತ್ತದೆ. ಇದರೊಂದಿಗೆ ಗೆಂಡೆಯಂತಹ ಸಿಹಿನೀರಿನ ಮೀನುಗಳಿಗೆ ಇನ್ನೊಂದು ಸಾಮರ್ಥ್ಯವಿದೆ. ಆಹಾರದಲ್ಲಿ ಆಲ್ಫಾ ಲಿನೋಲೆನಿಕ್ ಆಮ್ಲ ದೊರೆತರೆ ಅದರ ಒಂದು ಭಾಗವನ್ನು ಅವು ಇಪಿಎ ಮತ್ತು ಡಿಎಚ್‌ಎಗಳಾಗಿ ಮಾರ್ಪಡಿಸಿಕೊಳ್ಳುತ್ತವೆ. ಬಹುತೇಕ ಸಮುದ್ರ ಮೀನುಗಳಲ್ಲಿ ಈ ಸಾಮರ್ಥ್ಯ ತೀರ ಕಡಿಮೆ.

ಹೀಗೆ ಎರಡು ದಾರಿಗಳು ಸ್ಪಷ್ಟವಾಗುತ್ತವೆ: ಕೊಳದ ನೈಸರ್ಗಿಕ ಆಹಾರವನ್ನು ಬೆಳೆಸುವುದು ಒಂದು, ಪೂರಕ ಆಹಾರದಲ್ಲಿ ಯೋಗ್ಯ ಎಣ್ಣೆಯ ಮೂಲವನ್ನು ಸೇರಿಸುವುದು ಇನ್ನೊಂದು. ಎರಡನ್ನೂ ಮರೆತು ಪಿಷ್ಟವನ್ನೇ ಸುರಿದರೆ ಮೂರನೆಯ ಪರಿಣಾಮ ಉಂಟಾಗುತ್ತದೆ. ಗೆಂಡೆ ಸರ್ವಭಕ್ಷಕ, ಧಾನ್ಯದ ಪಿಷ್ಟವನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಹೆಚ್ಚಾದ ಪಿಷ್ಟವನ್ನು ಕೊಬ್ಬಾಗಿ ಮಾರ್ಪಡಿಸಿ ಹೊಟ್ಟೆಯ ಸುತ್ತಲೂ ಮಾಂಸದೊಳಗೂ ತುಂಬಿಕೊಳ್ಳುತ್ತದೆ. ಆ ಕೊಬ್ಬು ಮುಖ್ಯವಾಗಿ ಓಲಿಕ್ ಮತ್ತು ಪಾಮಿಟಿಕ್ ಆಮ್ಲಗಳಿಂದ ಕೂಡಿದುದು. ಮೀನು ದಪ್ಪವಾಗುತ್ತದೆ, ತೂಕ ಬರುತ್ತದೆ. ಆದರೆ ಕೊಬ್ಬಿನಲ್ಲಿ ಒಮೆಗಾ-3ರ ಪಾಲು ಕುಗ್ಗುತ್ತದೆ.

ಪಾಲು ಮತ್ತು ಪ್ರಮಾಣ: ಒಂದು ಲೆಕ್ಕ

ಇಲ್ಲಿ ತಪ್ಪು ತಿಳಿವಳಿಕೆಗೆ ಅವಕಾಶವಿರುವುದರಿಂದ ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ಈ ಅಂಕಿಗಳು ವಿಷಯವನ್ನು ತಿಳಿಸಲು ತೆಗೆದುಕೊಂಡ ಉದಾಹರಣೆಗಳು ಮಾತ್ರ.

ಮೊದಲನೆಯ ಮೀನು ಕೇವಲ ನೈಸರ್ಗಿಕ ಆಹಾರದಿಂದ ಬೆಳೆದುದು. ಅದರ ಮಾಂಸದಲ್ಲಿ ಕೊಬ್ಬು ಶೇ. 2; ಆ ಕೊಬ್ಬಿನಲ್ಲಿ ಇಪಿಎ ಮತ್ತು ಡಿಎಚ್‌ಎ ಸೇರಿ ಶೇ. 8. ಅಂದರೆ 100 ಗ್ರಾಂ ಮಾಂಸದಲ್ಲಿ 160 ಮಿಲಿಗ್ರಾಂ. ಎರಡನೆಯ ಮೀನು ಧಾನ್ಯ ತಿಂದು ಕೊಬ್ಬಿದುದು. ಕೊಬ್ಬು ಶೇ. 8, ಅದರಲ್ಲಿ ಇಪಿಎ ಮತ್ತು ಡಿಎಚ್‌ಎ ಶೇ. 2. ಇಲ್ಲಿಯೂ 160 ಮಿಲಿಗ್ರಾಂ. ಒಮೆಗಾ-3 ಸಮವಾಗಿದ್ದರೂ ಎರಡನೆಯದನ್ನು ತಿಂದವರು ಅಷ್ಟನ್ನೇ ಪಡೆಯಲು 6 ಗ್ರಾಂ ಕೊಬ್ಬನ್ನು ಹೆಚ್ಚಾಗಿ ತಿಂದಿರುತ್ತಾರೆ. ಮೂರನೆಯ ಮೀನಿಗೆ ಪ್ಲವಕವೂ ದೊರೆತಿದೆ, ಒಮೆಗಾ-3 ಇರುವ ಪೂರಕ ಆಹಾರವೂ ದೊರೆತಿದೆ. ಕೊಬ್ಬು ಶೇ. 5, ಅದರಲ್ಲಿ ಶೇ. 5 ಇಪಿಎ ಮತ್ತು ಡಿಎಚ್‌ಎ. 100 ಗ್ರಾಂ ಮಾಂಸದಲ್ಲಿ 250 ಮಿಲಿಗ್ರಾಂ. ವಯಸ್ಕರಿಗೆ ದಿನವೊಂದಕ್ಕೆ ಕನಿಷ್ಠ 250 ಮಿಲಿಗ್ರಾಂ ಬೇಕೆಂಬುದು ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರ ಸಲಹೆ.

ಈ ಲೆಕ್ಕದಿಂದ ತಿಳಿಯುವುದು ಇಷ್ಟು. ನೈಸರ್ಗಿಕ ಆಹಾರದ ಮೀನು ಶ್ರೇಷ್ಠ, ಮೇವು ಹಾಕಿದ ಮೀನು ಕನಿಷ್ಠ ಎಂಬ ಮಾತು ಪೂರ್ಣ ಸತ್ಯವಲ್ಲ. ಪೂರಕ ಆಹಾರ ದೋಷವಲ್ಲ. ಪೂರಕ ಆಹಾರದಲ್ಲಿ ಏನಿದೆ ಎಂಬುದೇ ಮುಖ್ಯ.

ಸಾಕಾಣಿಕೆಯ ನಾಲ್ಕು ಕ್ರಮಗಳು

ಮೊದಲನೆಯದು ಮಳೆಯಾಶ್ರಿತ ಕೆರೆ. ಮರಿ ಬಿಟ್ಟು, ಮೇವು ಹಾಕದೆ, ಬೇಸಿಗೆಯಲ್ಲಿ ಹಿಡಿಯುವ ಪದ್ಧತಿ. ಇಲ್ಲಿ ಇಳುವರಿ ಕಡಿಮೆ, ಮಾಂಸದ ಕೊಬ್ಬು ಕಡಿಮೆ, ಕೊಬ್ಬಿನ ಗುಣ ಉತ್ತಮ.

ಎರಡನೆಯದು ಮಣ್ಣಿನ ತಳದ ಕೊಳ. ಸುಣ್ಣ ಮತ್ತು ಸೆಗಣಿ ಗೊಬ್ಬರದಿಂದ ಪ್ಲವಕ ಬೆಳೆಸಿ, ಹೆಕ್ಟೇರಿಗೆ 5,000ದಿಂದ 10,000 ಬಲಿತ ಬಿತ್ತನೆ ಮರಿ ಬಿಟ್ಟು, ತೌಡು ಮತ್ತು ಹಿಂಡಿಯನ್ನು ಪೂರಕವಾಗಿ ಕೊಡುವ ಪದ್ಧತಿ. ಕಾಟ್ಲಾ ಮೇಲ್ಪದರದ ಪ್ರಾಣಿಪ್ಲವಕವನ್ನು, ಬೆಳ್ಳಿ ಗೆಂಡೆ ಸಸ್ಯಪ್ಲವಕವನ್ನು, ರೋಹು ನಡುನೀರಿನ ಆಹಾರವನ್ನು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಆಹಾರವನ್ನು, ಹುಲ್ಲು ಗೆಂಡೆ ಜಲಸಸ್ಯವನ್ನು ಬಳಸಿಕೊಳ್ಳುವುದರಿಂದ ಕೊಳದ ಎಲ್ಲ ನೈಸರ್ಗಿಕ ಆಹಾರವೂ ಮಾಂಸವಾಗುತ್ತದೆ. ಪೋಷಣೆ ಮತ್ತು ಇಳುವರಿ ಎರಡನ್ನೂ ಒಟ್ಟಿಗೆ ಸಾಧಿಸಲು ಈ ಪದ್ಧತಿ ಅತ್ಯಂತ ಅನುಕೂಲ. ಕೊಳದ ನೀರಿಗೆ ಮೊಣಕೈವರೆಗೆ ಕೈ ಇಳಿಸಿದಾಗ ಅಂಗೈ ಮಸುಕಾಗಿ ಮರೆಯಾಗುವಷ್ಟು ತಿಳಿಹಸಿರು ಅಥವಾ ಹಸಿರುಕಂದು ಬಣ್ಣವಿದ್ದರೆ ಪ್ಲವಕ ಸಾಕಷ್ಟಿದೆ ಎಂದು ತಿಳಿಯಬಹುದು. ಅಂಗೈ ನಿಚ್ಚಳವಾಗಿ ಕಂಡರೆ ಗೊಬ್ಬರ ಬೇಕು. ಕೈ ಇಳಿಸಿದ ಕೂಡಲೇ ಮರೆಯಾದರೆ ಗೊಬ್ಬರ ನಿಲ್ಲಿಸಬೇಕು.

ಮೂರನೆಯದು ಜಲಾಶಯದ ಪಂಜರ ಮತ್ತು ಅತಿ ಸಾಂದ್ರ ಕೊಳ. ಇಲ್ಲಿ ಮೀನು ಬಹುಪಾಲು ತೇಲುವ ಆಹಾರವನ್ನೇ ಅವಲಂಬಿಸಿರುತ್ತದೆ. ನಾಲ್ಕನೆಯದು ಪ್ಲಾಸ್ಟಿಕ್ ಹೊದಿಕೆಯ ಕೃಷಿಹೊಂಡ ಮತ್ತು ಬಯೋಫ್ಲಾಕ್ ತೊಟ್ಟಿ. ಕೃಷಿ ಭಾಗ್ಯ ಯೋಜನೆಯಿಂದ ಒಣಭೂಮಿಯ ತಾಲ್ಲೂಕುಗಳಲ್ಲಿ ಹೊದಿಕೆ ಹಾಸಿದ ಹೊಂಡಗಳು ಹೆಚ್ಚಾದವು. ಅವುಗಳಲ್ಲಿ ಮೀನು ಬಿಡುವುದು ಒಳ್ಳೆಯ ಉಪವೃತ್ತಿ. ಆದರೆ ಹೊದಿಕೆಯ ಹೊಂಡದಲ್ಲಿ ಮಣ್ಣಿನ ತಳವಿಲ್ಲ. ತಳದ ಹುಳುಗಳು ವಿರಳ. ಬಯೋಫ್ಲಾಕ್ ತೊಟ್ಟಿಯ ಬ್ಯಾಕ್ಟೀರಿಯಾ ಮುದ್ದೆಗಳಿಂದ ಸಸಾರಜನಕ ಸಿಗುತ್ತದೆಯಾದರೂ ಪಾಚಿಯ ಬೆಳವಣಿಗೆ ಇಲ್ಲದೆಡೆ ಒಮೆಗಾ-3 ಹೆಚ್ಚು ಸಿಗದು. ಈ ಎರಡೂ ಕ್ರಮಗಳಲ್ಲಿ ಮಾಂಸದ ಗುಣ ಪೂರ್ಣವಾಗಿ ಆಹಾರದ ಚೀಲದ ಮೇಲೆ ನಿಂತಿದೆ. ಕೆರೆಯಲ್ಲಿ ನಿಸರ್ಗ ತುಂಬಿಕೊಡುತ್ತಿದ್ದುದನ್ನು ಇಲ್ಲಿ ಕೃಷಿಕನೇ ತುಂಬಿಕೊಡಬೇಕು.

ಪೂರಕ ಆಹಾರದ ಆಯ್ಕೆ

ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮಪಾಲಿನಲ್ಲಿ ಬೆರೆಸಿ ಕೊಡುವುದು ಬಹುಕಾಲದಿಂದ ನಡೆದುಬಂದ ರೂಢಿ. ಬೆಳವಣಿಗೆಗೆ ಇದು ಉಪಯುಕ್ತ. ಆದರೆ ಶೇಂಗಾ ಎಣ್ಣೆಯಲ್ಲಿ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ತೌಡಿನ ಎಣ್ಣೆಯಲ್ಲಿಯೂ ಅತ್ಯಲ್ಪ. ಸೂರ್ಯಕಾಂತಿ ಮತ್ತು ಹುಚ್ಚೆಳ್ಳು ಹಿಂಡಿಗಳಲ್ಲಿ ಒಮೆಗಾ-6ರದೇ ಪ್ರಾಬಲ್ಯ. ಸೋಯಾದಲ್ಲಿ ಸ್ವಲ್ಪ ಮಟ್ಟಿಗೆ ಒಮೆಗಾ-3 ಇದೆ. ಇದರ ಜೊತೆಗೆ ಇನ್ನೊಂದು ಎಚ್ಚರ ಅಗತ್ಯ. ತೇವ ತಗುಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ. ಅದು ಮೀನಿನ ಯಕೃತ್ತನ್ನು ಕೆಡಿಸುತ್ತದೆ. ಅಂಥ ಹಿಂಡಿ ಅಗ್ಗವಾಗಿ ಸಿಕ್ಕರೂ ಬಳಸಬಾರದು.

ಒಮೆಗಾ-3ಕ್ಕೆ ದೂರ ಹೋಗಬೇಕಾಗಿಲ್ಲ. ಉತ್ತರ ಕರ್ನಾಟಕದ ಕಪ್ಪುಮಣ್ಣಿನ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಅಗಸೆ, ರೊಟ್ಟಿಯ ಜೊತೆಗಿನ ಚಟ್ನಿಪುಡಿಯಾಗಿ ಎಲ್ಲರಿಗೂ ಪರಿಚಿತ. ಅಗಸೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಆಲ್ಫಾ ಲಿನೋಲೆನಿಕ್ ಆಮ್ಲ. ಗಾಣದಿಂದ ಬಂದ ಅಗಸೆ ಹಿಂಡಿಯಲ್ಲಿ ಒಂದಿಷ್ಟು ಎಣ್ಣೆ ಉಳಿದಿರುತ್ತದೆ. ರಾಸಾಯನಿಕ ದ್ರಾವಣದಿಂದ ಎಣ್ಣೆ ತೆಗೆದ ಹಿಂಡಿಯಲ್ಲಿ ಉಳಿಯುವುದು ತೀರ ಕಡಿಮೆ. ಹಾಗಾಗಿ ಕೊಳ್ಳುವಾಗ ಗಾಣದ ಹಿಂಡಿಯೇ ಎಂದು ಕೇಳಿ ತಿಳಿಯಬೇಕು. ಅಗಸೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ, ಬಿ-6 ಜೀವಸತ್ವಕ್ಕೆ ವಿರೋಧಿಯಾದ ಅಂಶ ಮತ್ತು ಲೋಳೆ ಇವೆ. ಆದುದರಿಂದ ಹುರಿದೋ ಬೇಯಿಸಿಯೋ, ಒಟ್ಟು ಆಹಾರದ ಒಂದು ಸಣ್ಣ ಪಾಲಾಗಿ ಮಾತ್ರ ಬಳಸಬೇಕು. ಪ್ರಮಾಣವನ್ನು ತಾಲ್ಲೂಕಿನ ಮೀನುಗಾರಿಕೆ ಅಧಿಕಾರಿಗಳ ಸಲಹೆಯಂತೆ ನಿರ್ಧರಿಸಬೇಕು.

ದಕ್ಷಿಣದ ರೇಷ್ಮೆ ಸೀಮೆಯಲ್ಲಿ ಇನ್ನೊಂದು ಸಂಪನ್ಮೂಲವಿದೆ. ರಾಮನಗರ, ಶಿಡ್ಲಘಟ್ಟ ಮುಂತಾದೆಡೆ ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾದಲ್ಲಿ ಸಸಾರಜನಕವೂ ಎಣ್ಣೆಯೂ ಸಮೃದ್ಧ. ಹಿಪ್ಪುನೇರಳೆ ರೇಷ್ಮೆಹುಳುವಿನ ಪ್ಯೂಪಾ ಎಣ್ಣೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲವಿರುತ್ತದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು 1990ರ ದಶಕದಲ್ಲಿ ಎಣ್ಣೆ ತೆಗೆಯದ ಪ್ಯೂಪಾವನ್ನೂ ಪ್ಯೂಪಾ ಎಣ್ಣೆ ಹಾಗೂ ಬೂತಾಯಿ ಎಣ್ಣೆಗಳನ್ನೂ ಗೆಂಡೆಯ ಆಹಾರದಲ್ಲಿ ಪರೀಕ್ಷಿಸಿದ್ದಾರೆ. ಮೀನಿನ ಹುಡಿಗೆ ಬದಲಾಗಿ ಪ್ಯೂಪಾ ಬಳಸಬಹುದೆಂಬುದು ಇಂಥ ಅಧ್ಯಯನಗಳಿಂದ ತಿಳಿದ ಸಂಗತಿ. ಒಂದು ನಿಬಂಧನೆ ಮಾತ್ರ ಉಂಟು: ಪ್ಯೂಪಾವನ್ನು ಬಿಚ್ಚಣಿಕೆಯ ದಿನವೇ ಒಣಗಿಸಬೇಕು. ಕಮಟು ಹತ್ತಿದ ಪ್ಯೂಪಾದಿಂದ ಒಮೆಗಾ-3 ನಾಶವಾಗುವುದಲ್ಲದೆ ಮಾಂಸಕ್ಕೂ ದುರ್ವಾಸನೆ ಬರುತ್ತದೆ.

ಹಸಿರು ಮೇವೂ ಒಂದು ಮೂಲವೇ. ಹಸಿರೆಲೆಯಲ್ಲಿ ಕೊಬ್ಬು ಅಲ್ಪವಾದರೂ ಅದರ ಬಹುಭಾಗ ಆಲ್ಫಾ ಲಿನೋಲೆನಿಕ್ ಆಮ್ಲ. ಏರಿಯ ಮೇಲೆ ಬೆಳೆದ ನೇಪಿಯರ್ ಹುಲ್ಲು, ಕೊಳದ ಹೈಡ್ರಿಲ್ಲಾ ಸಸ್ಯಗಳನ್ನು ತಿಂದ ಹುಲ್ಲು ಗೆಂಡೆಯ ಮಾಂಸ, ಗುಳಿಗೆ ಆಹಾರ ತಿಂದುದಕ್ಕಿಂತ ಕಡಿಮೆ ಕೊಬ್ಬಿನಿಂದ ಕೂಡಿರುತ್ತದೆ. ಕಬ್ಬಿನ ಸಿಪ್ಪೆಯ ಕಟ್ಟುಗಳನ್ನು ನೀರಿನಲ್ಲಿ ಇಳಿಬಿಟ್ಟರೆ ಅವುಗಳ ಮೇಲೆ ಜೀವಪದರ ಬೆಳೆದು ರೋಹುವಿಗೆ ಮೇವಾಗುತ್ತದೆ. ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು ಮತ್ತು ಅಂತರಗಂಗೆಯನ್ನು ಹೋಲಿಸಿದ ಪ್ರಯೋಗ ಮಂಗಳೂರಿನಲ್ಲಿಯೇ ನಡೆದಿದ್ದು, ಕಬ್ಬಿನ ಸಿಪ್ಪೆ ಉತ್ತಮ ಫಲ ನೀಡಿತು. ನೀರಿನಲ್ಲಿ ಕೊಳೆಯುವ ವಸ್ತುವಾದುದರಿಂದ ಆಮ್ಲಜನಕದ ಕೊರತೆಯಾಗದಂತೆ ಮಿತವಾಗಿ ಹಾಕಬೇಕು.

ಕೊಬ್ಬಿನ ಗುಣ ಒಂದೆರಡು ದಿನಗಳಲ್ಲಿ ಬದಲಾಗುವಂಥದಲ್ಲ. ಹೊಸ ಕೊಬ್ಬು ಕೂಡುತ್ತಾ ಹಳೆಯದು ತೆಳುವಾಗುತ್ತಾ ಹೋಗಬೇಕು. ಇಡೀ ಅವಧಿಗೆ ದುಬಾರಿ ಆಹಾರ ಕೊಡಲಾಗದವರು ಹಿಡಿಯುವ ಮೊದಲಿನ ಎರಡು ಮೂರು ತಿಂಗಳು ಒಮೆಗಾ-3 ಇರುವ ಆಹಾರ ಕೊಟ್ಟರೂ ಪ್ರಯೋಜನ ಕಾಣುತ್ತದೆ.

ಜೆಕ್ ದೇಶದ ಅನುಭವ

ಗೆಂಡೆಯನ್ನೇ ಮುಖ್ಯ ಸಾಕು ಮೀನಾಗಿ ಉಳ್ಳ ಇನ್ನೊಂದು ನಾಡು ಇದೇ ಪ್ರಶ್ನೆಯನ್ನು ಎದುರಿಸಿ ಕಂಡುಕೊಂಡ ದಾರಿ ಇಲ್ಲಿ ಪ್ರಸ್ತುತ. ಯುರೋಪಿನ ಜೆಕ್ ದೇಶಕ್ಕೆ ಸಮುದ್ರವಿಲ್ಲ. ಅಲ್ಲಿಯ ತ್ರೆಬೊನ್ ಪ್ರದೇಶದಲ್ಲಿ ನೂರಾರು ವರ್ಷಗಳ ಹಿಂದೆ ಕಟ್ಟಿದ ಕೆರೆಗಳಿವೆ. 1590ರಲ್ಲಿ ಪೂರ್ಣಗೊಂಡ ರೋಜಂಬರ್ಕ್ ಕೆರೆ ಇಂದಿಗೂ ಬಳಕೆಯಲ್ಲಿದೆ. ಕ್ರಿಸ್‌ಮಸ್ ಊಟಕ್ಕೆ ಸಾಮಾನ್ಯ ಗೆಂಡೆ ಅಲ್ಲಿ ಅನಿವಾರ್ಯ. ಕೆರೆಯ ನೈಸರ್ಗಿಕ ಆಹಾರದ ಜೊತೆಗೆ ಗೋಧಿ ಮುಂತಾದ ಧಾನ್ಯ ಕೊಡುವುದು ಅಲ್ಲಿಯ ಪರಂಪರೆ.

ದಕ್ಷಿಣ ಬೊಹೀಮಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಧಾನ್ಯಪೋಷಿತ ಗೆಂಡೆಯ ಕೊಬ್ಬಿನಲ್ಲಿ ಓಲಿಕ್ ಆಮ್ಲ ಹೆಚ್ಚಾಗಿ ಒಮೆಗಾ-3ರ ಪಾಲು ಕುಗ್ಗುವುದನ್ನು ಗುರುತಿಸಿದರು. ಅವರು ಧಾನ್ಯಕ್ಕೆ ಬದಲಾಗಿ ಅಗಸೆ ಮತ್ತು ರೇಪ್‌ಸೀಡ್ ಹಿಂಡಿ ಸೇರಿದ ಗುಳಿಗೆಯನ್ನು ರೂಪಿಸಿದರು. ಮೀನನ್ನು ಕೆರೆಯಿಂದ ಹೊರತರಲಿಲ್ಲ, ಪ್ಲವಕವನ್ನು ಬಿಡಿಸಲಿಲ್ಲ, ಪೂರಕ ಆಹಾರವನ್ನು ಮಾತ್ರ ಬದಲಿಸಿದರು. ಹಾಗೆ ಬೆಳೆದ ಮೀನು ಒಮೆಗಾ-3 ಗೆಂಡೆ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಹೃದ್ರೋಗಿಗಳ ಪುನಶ್ಚೇತನ ಚಿಕಿತ್ಸೆಯ ಅವಧಿಯಲ್ಲಿ ವಾರಕ್ಕೆ ಎರಡು ಬಾರಿ ತಲಾ 200 ಗ್ರಾಂ ಈ ಮೀನನ್ನು ನಾಲ್ಕು ವಾರಗಳ ಕಾಲ ಕೊಟ್ಟು ಪರೀಕ್ಷಿಸಿದಾಗ ರಕ್ತದ ಕೊಬ್ಬಿನ ಅಂಶಗಳಲ್ಲಿ ಸುಧಾರಣೆ ಕಂಡುಬಂದಿತು. ಇದು ವೈದ್ಯರ ಚಿಕಿತ್ಸೆಗೆ ಪೂರಕವಾಗಿ ನಡೆದ ಪ್ರಯೋಗ. ಮೀನು ಔಷಧಕ್ಕೆ ಬದಲಿಯಲ್ಲ. ಆದರೆ ಕೆರೆಯ ದಂಡೆಯ ಮೇಲಿನ ತೀರ್ಮಾನ ತಿನ್ನುವವರ ರಕ್ತದವರೆಗೆ ತಲುಪುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

ಗೆಂಡೆಯ ಜೊತೆಗೆ ಚಿಕ್ಕ ಮೀನು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಗೆಂಡೆಯ ಮಾಂಸದ ತುಂಡಿನಲ್ಲಿ ಕಬ್ಬಿಣ, ಸುಣ್ಣದಂಶ ಮತ್ತು ಎ ಜೀವಸತ್ವ ಹೆಚ್ಚಾಗಿಲ್ಲ. ಮುಳ್ಳು, ತಲೆ, ಕಣ್ಣು ಸಹಿತ ಇಡಿಯಾಗಿ ತಿನ್ನುವ ಚಿಕ್ಕ ಮೀನುಗಳು ಈ ಕೊರತೆಯನ್ನು ತುಂಬಬಲ್ಲವು. ಬಾಂಗ್ಲಾದೇಶದಲ್ಲಿ ಮೋಲಾ ಎಂಬ ಚಿಕ್ಕ ಮೀನಿನಲ್ಲಿ ಎ ಜೀವಸತ್ವ ಅಪಾರವಾಗಿರುವುದನ್ನು ಗುರುತಿಸಿ, ಅದನ್ನು ಗೆಂಡೆಯ ಜೊತೆ ಒಂದೇ ಕೊಳದಲ್ಲಿ ಸಾಕುವ ಪದ್ಧತಿಯನ್ನು ಪ್ರಚುರಪಡಿಸಿದ ವಿಜ್ಞಾನಿ ಶಕುಂತಲಾ ಹರಕ್‌ಸಿಂಗ್ ಥಿಲ್‌ಸ್ಟೆಡ್ ಅವರಿಗೆ 2021ರ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು. ದೊಡ್ಡ ಗೆಂಡೆ ಮಾರಾಟಕ್ಕೆ, ಚಿಕ್ಕ ಮೀನು ಮನೆಯ ಊಟಕ್ಕೆ ಎಂಬುದು ಆ ಪದ್ಧತಿಯ ಸಾರ. ಮರಿ ಬಿಡುವ ಮುನ್ನ ಕೊಳದ ಪರಭಕ್ಷಕ ಮೀನುಗಳನ್ನು ತೆಗೆಯಲೇಬೇಕು. ಆದರೆ ಚಿಕ್ಕ ದೇಶೀ ಮೀನುಗಳನ್ನೆಲ್ಲ ಕಳೆಯೆಂದು ಭಾವಿಸಿ ನಿರ್ಮೂಲ ಮಾಡುವ ಮೊದಲು ಯೋಚಿಸುವುದು ಒಳಿತು.

ನೀರು, ವಾಸನೆ ಮತ್ತು ಸುರಕ್ಷತೆ

ಉತ್ತಮ ಮಾಂಸವನ್ನು ಕೆಟ್ಟ ನೀರು ವ್ಯರ್ಥಗೊಳಿಸುತ್ತದೆ. ಕೊಳದಲ್ಲಿ ನೀಲಿಹಸಿರು ಪಾಚಿ ಅತಿಯಾದಾಗ ಜಿಯೋಸ್ಮಿನ್ ಎಂಬ ವಸ್ತು ಉತ್ಪತ್ತಿಯಾಗಿ ಮಾಂಸಕ್ಕೆ ಮಣ್ಣಿನ ವಾಸನೆ ತರುತ್ತದೆ. ಅದು ವಿಷವಲ್ಲ, ಆದರೆ ಗ್ರಾಹಕ ಎರಡನೆಯ ಬಾರಿ ಆ ಮೀನನ್ನು ಕೊಳ್ಳುವುದಿಲ್ಲ. ಅತಿಯಾದ ಮೇವು ಮತ್ತು ಗೊಬ್ಬರವೇ ಇಂಥ ಪಾಚಿಗೆ ಕಾರಣ. ಜೀವಂತ ಮೀನನ್ನು ಕೆಲವು ದಿನ ಶುದ್ಧ ಹರಿಯುವ ನೀರಿನಲ್ಲಿ ಮೇವಿಲ್ಲದೆ ಇರಿಸಿದರೆ ವಾಸನೆ ತಗ್ಗುತ್ತದೆ. ಜೆಕ್ ಕೃಷಿಕರು ಶರತ್ಕಾಲದಲ್ಲಿ ಹಿಡಿದ ಗೆಂಡೆಯನ್ನು ಕ್ರಿಸ್‌ಮಸ್‌ವರೆಗೆ ಇಂಥ ತೊಟ್ಟಿಗಳಲ್ಲಿಯೇ ಇಡುತ್ತಾರೆ. ಅಷ್ಟು ಸೌಕರ್ಯವಿಲ್ಲದೆಡೆ ಹಿಡಿಯುವ ಹಿಂದಿನ ದಿನವಾದರೂ ಮೇವು ನಿಲ್ಲಿಸಬೇಕು. ಕರುಳು ಖಾಲಿಯಾಗಿ ಮೀನು ಬೇಗ ಕೆಡುವುದಿಲ್ಲ.

ಚರಂಡಿ ಮತ್ತು ಕಾರ್ಖಾನೆಯ ನೀರು ಸೇರುವ ಕೆರೆಯ ವಿಷಯ ಬೇರೆ. ಸೀಸ, ಕ್ಯಾಡ್ಮಿಯಂನಂತಹ ಲೋಹಗಳು ಮೀನಿನ ಯಕೃತ್ತು, ಮೂತ್ರಪಿಂಡ, ಕಿವಿರುಗಳಲ್ಲಿ ಶೇಖರವಾಗುತ್ತವೆ. ಅಲ್ಲಿ ಪ್ಲವಕ ಎಷ್ಟೇ ಸಮೃದ್ಧವಾಗಿದ್ದರೂ ಆ ಮೀನು ಆಹಾರಕ್ಕೆ ಯೋಗ್ಯವೆಂದು ಪರೀಕ್ಷೆಯಿಲ್ಲದೆ ಹೇಳಲಾಗದು. ಮ್ಯಾಲಕೈಟ್ ಗ್ರೀನ್, ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ಗಳ ಬಳಕೆ ಆಹಾರ ಮೀನಿನಲ್ಲಿ ನಿಷಿದ್ಧ. ರೋಗ ಬಂದಾಗ ಅಂಗಡಿಯವರ ಮಾತಿಗಿಂತ ಇಲಾಖೆಯ ಸಲಹೆಯನ್ನು ಅನುಸರಿಸಬೇಕು.

ಹಿಡಿದ ಮೇಲೆಯೂ ಹೊಣೆ ಮುಗಿಯುವುದಿಲ್ಲ. ಒಮೆಗಾ-3 ಗಾಳಿ ಮತ್ತು ಬಿಸಿಲಿಗೆ ಬೇಗ ಕೆಡುವ ಕೊಬ್ಬು. ಮೀನಿನ ತೂಕದಷ್ಟೇ ಪುಡಿ ಮಂಜುಗಡ್ಡೆಯನ್ನು ಪದರಪದರವಾಗಿ ಹಾಕಿದರೆ ಗುಣ ಉಳಿಯುತ್ತದೆ. ಅಡುಗೆಯಲ್ಲಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಕೊಬ್ಬು ಎಣ್ಣೆಗೆ, ಎಣ್ಣೆ ಮೀನಿಗೆ ಸೇರುತ್ತದೆ. ಸಾರು ಮಾಡಿದರೆ ಕರಗಿದ ಕೊಬ್ಬು ತಟ್ಟೆಯಲ್ಲಿಯೇ ಉಳಿಯುತ್ತದೆ.

ಹೊಣೆ ಯಾರದು

ಈ ಎಲ್ಲವನ್ನೂ ಕೇಳಿದ ಕೃಷಿಕನಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಮಾರುಕಟ್ಟೆ ಕೊಡುವ ಬೆಲೆ ಕಿಲೋ ಲೆಕ್ಕದಲ್ಲಿ. ಒಮೆಗಾ-3 ಲೆಕ್ಕದಲ್ಲಿ ಅಲ್ಲ. ಹೆಚ್ಚಿನ ಬಿಡ್ ಕೂಗಿ ಕೆರೆ ಪಡೆದ ಗುತ್ತಿಗೆದಾರ ಬೇಗನೆ ತೂಕ ಬರುವ ದಾರಿಯನ್ನೇ ಹುಡುಕುತ್ತಾನೆ. ಈ ಸ್ಥಿತಿಯಲ್ಲಿ ಗುಣದ ಹೊರೆಯನ್ನು ಕೃಷಿಕನೊಬ್ಬನ ಮೇಲೆ ಹೊರಿಸುವುದು ಉಚಿತವಲ್ಲ.

ಆದುದರಿಂದ ಹೊಣೆಯನ್ನು ಹಂಚಿಕೊಳ್ಳಬೇಕಾಗಿದೆ. ಖರ್ಚಿಲ್ಲದೆ ಆಗುವ ಕೆಲಸಗಳನ್ನು ಕೃಷಿಕರು ಇಂದೇ ಕೈಗೊಳ್ಳಬಹುದು: ಮೇವಿಗೆ ಮುನ್ನ ನೀರಿನ ಬಣ್ಣ ನೋಡುವುದು, ತೌಡನ್ನು ಅತಿಯಾಗಿ ಸುರಿಯದಿರುವುದು, ಏರಿಯ ಮೇಲೆ ಹುಲ್ಲು ಬೆಳೆಸುವುದು, ಬೂಷ್ಟು ಹಿಡಿದ ಹಿಂಡಿಯನ್ನು ದೂರವಿಡುವುದು. ಸ್ವಸಹಾಯ ಸಂಘಗಳು ಅಗಸೆ ಹಿಂಡಿ ಅಥವಾ ಒಣಗಿಸಿದ ಪ್ಯೂಪಾ ಸೇರಿಸಿದ ಮೀನಿನ ಆಹಾರವನ್ನು ಸ್ಥಳೀಯವಾಗಿಯೇ ತಯಾರಿಸಬಹುದು. ಅದು ಅವರಿಗೊಂದು ಉದ್ಯೋಗವೂ ಆಗುತ್ತದೆ. ಸಹಕಾರ ಸಂಘಗಳು ಶುದ್ಧ ನೀರಿನ ಕೊಳದ ತಾಜಾ ಮೀನನ್ನು ಬೇರೆಯಾಗಿ ಗುರುತಿಸಿ ಮಾರಿದರೆ ಗ್ರಾಹಕರ ವಿಶ್ವಾಸ ಬೆಲೆಯಾಗಿ ಮರಳುತ್ತದೆ. ಕೆರೆಗೆ ಚರಂಡಿ ಸೇರದಂತೆ ತಡೆಯುವುದು ಮಾತ್ರ ಯಾವ ಕೃಷಿಕನಿಂದಲೂ ಆಗದು. ಅದು ಪಂಚಾಯಿತಿಗಳ ಕರ್ತವ್ಯ. ಕೆರೆಯನ್ನು ಹರಾಜು ಹಾಕಿ ಆದಾಯ ಪಡೆಯುವ ಸಂಸ್ಥೆಯೇ ಆ ಕೆರೆಯ ನೀರಿಗೂ ಉತ್ತರದಾಯಿ.

ಬಿತ್ತನೆ ಮರಿಯ ಸಮಸ್ಯೆಯನ್ನು ವಿಜ್ಞಾನ ಬಿಡಿಸಿತು. ಇಳುವರಿಯ ಸಮಸ್ಯೆಯನ್ನು ಕೃಷಿಕರ ಶ್ರಮ ಬಹುಮಟ್ಟಿಗೆ ಬಿಡಿಸಿತು. ಗುಣದ ಪ್ರಶ್ನೆ ಬಿಡಿಸಲು ಇವೆರಡರ ಜೊತೆಗೆ ಊರಿನ ಆಡಳಿತವೂ ಕೈಜೋಡಿಸಬೇಕಾಗಿದೆ. ಮರಿ ಬಿಡುವ ಹಂಗಾಮಿಗೆ ಮೊದಲೇ ಪ್ರತಿ ಗ್ರಾಮ ಪಂಚಾಯಿತಿ ತನ್ನ ವ್ಯಾಪ್ತಿಯ ಕೆರೆಗಳಿಗೆ ಎಲ್ಲಿಂದ ಯಾವ ನೀರು ಹರಿದುಬರುತ್ತದೆ ಎಂಬುದನ್ನು ಒಮ್ಮೆ ಪರಿಶೀಲಿಸಲಿ. ಪ್ರತಿ ಕೃಷಿಕ ತನ್ನ ಆಹಾರದ ಚೀಲದಲ್ಲಿ ಏನಿದೆ ಎಂಬುದನ್ನು ಒಮ್ಮೆ ಕೇಳಿ ತಿಳಿಯಲಿ.